ಹನ್ನೊಂದಕ್ಕೆ ನಿಂತ ಎಣಿಕೆ

ಸಲೂನಿನ ಯಜಮಾನ ಸತ್ತವನ ಕೆನ್ನೆಗೆ ನೊರೆ ಹಚ್ಚಿ ಕ್ಷೌರದ ಕತ್ತಿಯನ್ನು ಮೆಲ್ಲಗೆ ಎಳೆದ. ಹದಿನಾರು ವರ್ಷ ತನ್ನ ಅಂಗಡಿಯಲ್ಲಿ ದುಡಿದವನಿಗೆ ಕೊನೆಯ ಕ್ಷೌರ ತಾನೇ ಮಾಡಬೇಕೆಂದು ಹಟ ಹಿಡಿದು ಬಂದಿದ್ದ. ಎರಡು ವರ್ಷದ ಹಿಂದೆ ಅವನನ್ನು ಕೆಲಸದಿಂದ ಹೊರಗಟ್ಟಿದವನೂ ಇವನೇ.

"ಕೈ ಅಂದ್ರೆ ಕೈ ಇತ್ತು ಇವನಿಗೆ," ಎಂದು ಮೂಗೊರೆಸಿಕೊಂಡ. "ಆ ಹಾಳು ಕುಡಿತ ಒಂದು ಇಲ್ದಿದ್ರೆ..."

"ನಿನ್ನೆನೂ ಬೆಳಗ್ಗೆ ಬೆಳಗ್ಗೆನೇ ಏರಿಸಿದ್ನೋ ಏನೋ. ನಿಂತವನು ದಬಕ್ಕಂತ ಬಿದ್ನಂತಲ್ಲ," ಎಂದ ಪಕ್ಕದ ಮನೆಯವನು.

ಕಾಲ ಬಳಿ ಕೂತಿದ್ದ ಹೆಂಡತಿ ತಲೆ ಎತ್ತಿ ಅವನನ್ನು ನೋಡಿದಳು. ಗಂಡ ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಹಾಗೆಂದು ಬಾಯಿಬಿಟ್ಟರೆ, ಮತ್ತೆ ಬಿದ್ದದ್ದು ಹೇಗೆ ಎಂದು ಕೇಳಿಯೇ ಕೇಳುತ್ತಾರೆ. ಅದು ಗೊತ್ತಿದ್ದದ್ದು ಅವಳೊಬ್ಬಳಿಗೆ.

*

ಎರಡು ವರ್ಷದ ಹಿಂದೆ, ಅಂಗಡಿಯಲ್ಲಿ ಬಗ್ಗಿ ಬಾಚಣಿಗೆ ಎತ್ತಿಕೊಂಡು ಎದ್ದ ಗಂಡನಿಗೆ ಕಣ್ಣು ಕತ್ತಲೆ ಬಂದು, ಕೈಯಲ್ಲಿದ್ದ ಕತ್ತಿ ಗಿರಾಕಿಯ ಕಿವಿ ಕೊಯ್ದಿತ್ತು. ಕುಡಿದಿದ್ದಾನೆಂದು ಯಜಮಾನ ಹೊರಗಟ್ಟಿದ. ಅಂದು ಸಂಜೆ ಅವಳೂ ಅವನ ಬಾಯಿ ಮೂಸಿ ನೋಡಿದ್ದಳು. ಅವನು, ಪಾಪ, ಬಾಯಿ ತೆರೆದು ತೋರಿಸಿದ್ದ.

ಆಮೇಲೆ ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. "ಹಳೇ ಸಕ್ಕರೆ ಕಾಯಿಲೆ ನರಗಳನ್ನ ತಿಂದುಹಾಕಿದೆ. ಎದ್ದ ತಕ್ಷಣ ರಕ್ತ ಕಾಲಲ್ಲೇ ಉಳಿಯುತ್ತೆ, ತಲೆಗೆ ಏರಲ್ಲ. ಕೂತು ಇಪ್ಪತ್ತು ಎಣಿಸಿ, ಆಮೇಲೆ ಏಳಿ."

ಅಲ್ಲಿಂದಾಚೆ ಮಂಚದಂಚಿನಲ್ಲಿ ಕೂತು ಗಟ್ಟಿಯಾಗಿ ಎಣಿಸುತ್ತಿದ್ದ. "ಮಹಾರಾಜರ ಸವಾರಿ ಯಾವಾಗ ಹೊರಡೋದು?" ಎಂದು ಅವಳು ಛೇಡಿಸಿದರೆ, "ತಡಿಯೇ, ಇನ್ನೂ ಆರಿದೆ," ಎಂದು ನಗುತ್ತಿದ್ದ.

ನಿನ್ನೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಗ್ಯಾಸಿನವನು ಬಾಗಿಲು ಬಡಿಯುತ್ತಿದ್ದ. ಕೋಣೆಯಿಂದ "ಹನ್ನೊಂದು" ಎಂದು ಕೇಳಿಸಿತು.

"ಸಾಕು ಮಾಡ್ರೀ ನಿಮ್ಮ ಎಣಿಕೆ! ಎದ್ದು ಬಾಗಿಲು ತೆಗೀರಿ!" ಎಂದು ಅರಚಿದಳು.

ಅವನು ಎದ್ದ. ತಲೆ ಹೊಸ್ತಿಲಿಗೆ ಬಡಿದ ಸದ್ದು ಅಡುಗೆಮನೆಗೂ ಕೇಳಿತು.

*

"ಇವರು ಕುಡೀತಿರಲಿಲ್ಲ," ಎಂದಳು.

ಕತ್ತಿ ನಿಂತಿತು.

"ಕಾಯಿಲೆ ಅದು. ಇಪ್ಪತ್ತು ಎಣಿಸಿ ಏಳ್ಬೇಕಿತ್ತು. ನಿನ್ನೆ ಹನ್ನೊಂದಕ್ಕೇ ನಾನು ಎಬ್ಬಿಸಿಬಿಟ್ಟೆ."



"ಅಂಗಡೀಲೂ ಅದೇನಾ, ಅಕ್ಕಾ?" ಎಂದು ಯಜಮಾನ ಕೇಳಿದ.

"ಅಲ್ಲೂ ಅದೇ."

ಅವನು ತಲೆ ಎತ್ತದೆ ಉಳಿದ ಕೆನ್ನೆ ಮುಗಿಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸಿದ. ಹೊರಗೆ ಗಾಡಿ ಬಂದು ನಿಂತಿತು. ನಾಲ್ವರು ಬಗ್ಗಿ ದೇಹದ ಕೆಳಗೆ ಕೈ ಹಾಕಿದರು.

"ತಡೀರಿ," ಎಂದು ಅವಳು ಗಂಡನ ಎದೆಯ ಮೇಲೆ ಅಂಗೈಯಿಟ್ಟಳು. "ಹನ್ನೆರಡು. ಹದಿಮೂರು."

ಅವರು ಬಗ್ಗಿದಂತೆಯೇ ಕಾದರು. ಗಾಡಿಯವನು ಹಾರ್ನ್ ಹೊಡೆದ. ಹದಿನೇಳಕ್ಕೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹದಿನೆಂಟನ್ನು ಸಲೂನಿನ ಯಜಮಾನ ಹೇಳಿದ.