ಹಂಪವ್ವ ಬಿಚ್ಚಿದ ಪ್ಲಾಸ್ಟರ್

ಹರಿಹರದ ನಮ್ಮ ಓಣಿಯಲ್ಲಿ ಯಾರ ಮನೆಯ ಕೂಸಿಗಾದರೂ ಮೊದಲ ನೀರು ಎರೆಯುವವರು ಹಂಪವ್ವನೇ. ಅಂಥವರ ಮನೆಯಲ್ಲೇ, ನಯಾಪೈಸೆ ನಾಣ್ಯ ಬಂದ ವರ್ಷ, ಮೊಮ್ಮಗಳು ಉಚ್ಚೆಂಗೆಮ್ಮ ಬಲಪಾದ ಒಳಕ್ಕೆ ತಿರುಚಿಕೊಂಡು ಹುಟ್ಟಿದಳು. ದಾವಣಗೆರೆಯ ಡಾಕ್ಟರು ಪಾದವನ್ನು ಮೆಲ್ಲಗೆ ತಿದ್ದಿ ಪ್ಲಾಸ್ಟರ್ ಹಾಕಿದರು. ವಾರವಾರ ಬದಲಾಯಿಸಬೇಕು ಎಂದರು. ಆದರೆ ಪ್ಲಾಸ್ಟರ್ ಇದ್ದರೆ ಎಣ್ಣೆನೀರು ಹೇಗೆ? ಹಂಪವ್ವ ಮೂರನೆಯ ದಿನವೇ ಅದನ್ನು ಬಿಸಿನೀರಲ್ಲಿ ನೆನೆಸಿ ಬಿಚ್ಚಿ ಎಸೆದರು. "ನಾನೇ ತಿಕ್ಕಿ ನೆಟ್ಟಗೆ ಮಾಡ್ತೀನಿ" ಎಂಬ ಜಂಬ ಬೇರೆ!

ವರ್ಷ ತುಂಬಿತು. ಮಗು ಗೋಡೆ ಹಿಡಿದು ನಿಂತರೆ ಪಾದದ ಹೊರ ಅಂಚಷ್ಟೇ ನೆಲಕ್ಕೆ ತಾಗುತ್ತಿತ್ತು. ಸೊಸೆ ಮರಿಯವ್ವ ಕಣ್ಣೀರು ಹಾಕುತ್ತ ಮತ್ತೆ ಆಸ್ಪತ್ರೆಗೆ ಒಯ್ದಳು. ಈಗ ಬರೀ ಪ್ಲಾಸ್ಟರ್ ಸಾಲದು, ಹಿಮ್ಮಡಿಯ ಮೇಲಿನ ನರ ಉದ್ದ ಮಾಡುವ ಸಣ್ಣ ಆಪರೇಷನ್ ಬೇಕು ಎಂದರು ಡಾಕ್ಟರು.

"ಇಷ್ಟು ಸಣ್ಣ ಕೂಸಿಗೆ ಕತ್ರಿ ಹಾಕ್ಸೋದಾ? ಬ್ಯಾಡ. ಹನ್ನೆರಡು ವರ್ಷ ಆಗ್ಲಿ, ತಡ್ಕೊಳ್ಳೋ ಶಕ್ತಿ ಬರುತ್ತೆ" ಎಂದು ಹಂಪವ್ವ ಪಟ್ಟು ಹಿಡಿದರು.

ಪಕ್ಕದ ಮನೆಯ ದಿಲ್ಷಾದ್ ಬೇಗಂ ಇದನ್ನು ಕೇಳಿ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಮಗ ರೌಫ್‌ನನ್ನು ಕರೆದುಕೊಂಡು ಬಂದರು.

"ಹಂಪಕ್ಕ, ಇವನ ಪಾದಾನೂ ಹುಟ್ಟಿನಿಂದ ಹಿಂಗೇ ತಿರುಚಿತ್ತು. ನಾನೂ ನಿಮ್ಹಂಗೇ ಕಾದೆ. ಇವನಿಗೆ ಹನ್ನೆರಡು ತುಂಬಿದ ಮ್ಯಾಲೆ ಮೂಳೆ ಕತ್ತರ್ಸಿ ಕೂಡ್ಸಿದ್ರು. ತಿಂಗಳಾನುಗಟ್ಲೆ ಹಾಸ್ಗಿ. ಮುಟ್ಟಿ ನೋಡ್ರಿ."

ರೌಫ್ ಕಾಲು ಚಾಚಿದ. ನೂರಾರು ಕೂಸುಗಳ ಕಾಲು ತಿಕ್ಕಿದ ಕೈ ಆ ಪಾದವನ್ನು ಆಚೀಚೆ ಹೊರಳಿಸಲು ನೋಡಿತು. ಪಾದ ನೆಟ್ಟಗಿತ್ತು, ಆದರೆ ಮರದ ಹಾಗೆ ಬಿಗಿ.

"ನಡೀತೀನಿ ಅಜ್ಜಿ. ಆದ್ರೆ ಭಟ್ಟಿ ಮುಂದೆ ಕುಕ್ಕರಗಾಲಲ್ಲಿ ಕೂರಾಕ ಆಗಲ್ಲ. ಉತ್ತ ಹೊಲದಾಗೆ ಹೆಜ್ಜೆ ತಪ್ಪುತ್ತೆ."

"ಆ ಆಪರೇಷನ್ ಕೆಟ್ಟದ್ದು ಅನ್ನಲ್ಲ ನಾನು. ನನ್ನ ಮಗ ನಡಿಯಂಗಾಗಿದ್ದು ಅದರಿಂದ್ಲೇ. ಆದ್ರೆ ನಿಮ್ಮ ಕೂಸಿಗಿನ್ನೂ ನರದ್ದೇ ಸಾಕು ಅಂತಾರಲ್ಲ, ಯಾಕ ಕಾಯ್ತೀರಿ?" ಎಂದರು ದಿಲ್ಷಾದ್.

ಹಂಪವ್ವ ಸೊಸೆಯ ಕಡೆ ತಿರುಗಿದರು. "ಮರಿಯವ್ವ, ತಪ್ಪು ನಂದೇ ಐತೆ. ನಾಳೆ ಮೊದ್ಲ ಬಸ್ಸಿಗೇ ಹೋಗಾಣ."

ಆಪರೇಷನ್ ಆಯಿತು, ಮತ್ತೆ ಪ್ಲಾಸ್ಟರ್ ಬಂತು. ಈ ಸಲ ಹಂಪವ್ವ ಅದಕ್ಕೆ ಹನಿ ನೀರು ತಾಗಗೊಡಲಿಲ್ಲ, ಒದ್ದೆ ಬಟ್ಟೆಯಲ್ಲೇ ಮೈ ಒರೆಸಿದರು. ಕೆಲವು ತಿಂಗಳ ಮೇಲೆ ಎಣ್ಣೆನೀರು ಮುಗಿಸಿಕೊಂಡ ಮಗು ಬಚ್ಚಲಿಂದ ತಾನೇ ನಡೆದು ಬಂತು. ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿತ್ತು, ಹಿಮ್ಮಡಿ ಸಮೇತ. ಅದು ತಾನಾಗಿ ಆರುವ ತನಕ ಹಂಪವ್ವ ಯಾರನ್ನೂ ತುಳಿಯಗೊಡಲಿಲ್ಲ.

ಕೂಸಿಗೆ ನೀರೆರೆಯುವ ತಾಯಂದಿರೇ, ಮೊದಲ ದಿನವೇ ಪಾದ ನೋಡಿ. ತಿರುಚಿದ್ದರೆ ಆ ವಾರವೇ ಆಸ್ಪತ್ರೆಗೆ ಒಯ್ಯಿರಿ. ಎಳೆಗೂಸಿಗೆ ಎಷ್ಟೋ ಸಲ ಪ್ಲಾಸ್ಟರೇ ಸಾಕು. ತಡವಾದರೆ ನರದ ಆಪರೇಷನ್, ಇನ್ನೂ ತಡವಾದರೆ ಮೂಳೆಯದು. ಡಾಕ್ಟರು ಹಾಕಿದ್ದನ್ನು ಡಾಕ್ಟರೇ ಬಿಚ್ಚಲಿ. ಎಣ್ಣೆನೀರು ನಾಳೆಯೂ ಎರೆಯಬಹುದು, ಕೂಸಿನ ಎಲುಬು ನಾಳೆಗೆ ಇಷ್ಟೇ ಎಳೆಯದಾಗಿ ಉಳಿದಿರುವುದಿಲ್ಲ.