ಹನ್ನೊಂದನೇ ಡಬ್ಬಿ

ಕೊಟ್ಟಿಗೆಹಾರದ ಹನೀಫಾ ನನ್ನ ನಾಲ್ಕು ಡಜನ್ ತಲೆಯೆಣ್ಣೆ ಬಾಟಲಿಗಳನ್ನು ವಾಪಸು ಕಳಿಸಿದ್ದು 1962ರ ಡಿಸೆಂಬರಿನಲ್ಲಿ. ಚಾರ್ಮಾಡಿ ಘಾಟಿ ಹತ್ತುವಾಗ ಒಳಗಿದ್ದುದು ಎಣ್ಣೆಯಾಗಿತ್ತು. ಮೇಲಿನ ಚಳಿಗೆ ಬಿಳಿಯ ಕಲ್ಲಾಯಿತು.

ನಾನು ಅವನ ಅಂಗಡಿಗೇ ಹೋಗಿ ಬೇಡಿಕೊಂಡೆ.

"ತಲೆಗೆ ಹಚ್ಚಲು ಬಾಟ್ಲಿ ಒಡೆಯಬೇಕಾ ಮಾರಾಯ?" ಎಂದ. ಆಮೇಲೆ ಕನಿಕರಪಟ್ಟು ಜನವರಿ ಕೊನೆಯವರೆಗೆ ಅವಕಾಶ ಕೊಟ್ಟ. ಅಷ್ಟರೊಳಗೆ ಗಟ್ಟಿಯಾಗದ ಎಣ್ಣೆ ತಂದರೆ ಸುತ್ತಲಿನ ಕಾಫಿ ತೋಟಗಳಿಗೆಲ್ಲ ಅವನೇ ಮಾರುವುದು. ಇಲ್ಲದಿದ್ದರೆ ಪಾಣೆಮಂಗಳೂರಿನಲ್ಲಿ ಮಾವನ ಜವಳಿ ಅಂಗಡಿ ನನಗಾಗಿ ಕಾದಿತ್ತು. ಬಾಗಿಲ ಬಳಿ ನಿಂತು ಗಜಕೋಲಿನಿಂದ ಬಟ್ಟೆ ಅಳೆಯುತ್ತ ಮುದುಕನಾಗುವ ನನ್ನನ್ನು ನಾನು ಎಷ್ಟೋ ಸಲ ಕಂಡಿದ್ದೆ.

ಎಣ್ಣೆ ಅಮ್ಮನದು. ಮೂಡುಬಿದಿರೆಯ ನಮ್ಮ ಅಡಿಗೆಮನೆಯಲ್ಲಿ ಗರುಗದ ಸೊಪ್ಪು, ದಾಸವಾಳದ ಎಲೆ ಹಾಕಿ ತೆಂಗಿನೆಣ್ಣೆಯಲ್ಲಿ ಕುದಿಸುತ್ತಿದ್ದಳು. 'ರಾಜಮತಿ ಕೇಶತೈಲ' ಎಂದು ಅವಳ ಹೆಸರಿನಲ್ಲೇ ಎರಡು ಸಾವಿರ ಲೇಬಲ್ ಅಚ್ಚು ಹಾಕಿಸಿದ್ದೆ. ಅದು ಹೆಪ್ಪುಗಟ್ಟದಂತೆ ಮಾಡುವುದು ಅವಳಿಗೂ ಗೊತ್ತಿರಲಿಲ್ಲ. ಬಲ್ಲವನನ್ನು ಹುಡುಕಬೇಕಿತ್ತು.

ಕಕ್ಕಿಂಜೆಯಲ್ಲಿ ಅಂಥವರೊಬ್ಬರಿದ್ದಾರೆ ಎಂದು ಬೆಳ್ತಂಗಡಿಯ ಬಸ್ ಕಂಡಕ್ಟರ್ ಹೇಳಿದ. ರಮಾನಾಥ ಶೆಟ್ಟರು, ಬೊಂಬಾಯಿಯ ಒಂದು ಕೇಶತೈಲದ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಮಿಶ್ರಣದ ಕೋಣೆಯಲ್ಲಿದ್ದು, ಕೆಮ್ಮು ಹಿಡಿದು ಊರಿಗೆ ಬಂದವರು. ನನ್ನ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ, ಮೂಸಿದರು. ಕೊನೆಗೆ, "ಮಂಜುಗಡ್ಡೆಯ ಮೇಲಿಟ್ಟರೂ ಗಟ್ಟಿಯಾಗದ ಎಣ್ಣೆ ಮಾಡಿದ್ದೇನೆ ನಾನು. ಎಲ್ಲ ಬರೆದಿಟ್ಟದ್ದು ಉಂಟು," ಎಂದು ಮಂಚದ ಕೆಳಗಿನ ಟ್ರಂಕಿನ ಕಡೆ ನೋಡಿದರು.

ಟ್ರಂಕು ತೆರೆಯಲು ನಾನು ಮೂರು ಸಲ ಹೋಗಬೇಕಾಯಿತು. ಅರ್ಧ ಪಾಲು ಬೇಕು, ನಮ್ಮ ಮನೆಯಲ್ಲೇ ವಾಸ ಬೇಕು, ಎಲ್ಲ ಛಾಪಾ ಕಾಗದದ ಮೇಲೆ ಆಗಬೇಕು ಎಂದರು. ಸಹಿ ಹಾಕುವ ಮೊದಲು ಬರೆದಿಟ್ಟ ಪುಸ್ತಕ ನೋಡಬಹುದೇ ಎಂದು ಕೇಳಿದ್ದಕ್ಕೆ, ನೋಡಿದ ಮೇಲೆ ಅವರಲ್ಲಿ ಇನ್ನೇನು ಉಳಿಯುತ್ತದೆ ಎಂದು ನನ್ನನ್ನೇ ಕೇಳಿದರು. ಅದು ನ್ಯಾಯವೆನಿಸಿತು. ಸಹಿ ಹಾಕಿದೆ.

ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಪುಸ್ತಕ. ಅಕ್ಷರಗಳು ಮುತ್ತಿನಂತಿದ್ದವು. 'ನಾಲ್ಕನೆಯದು ಏಳು ಅಳತೆ. ಒಂಬತ್ತನೆಯದು ಎರಡು. ಹನ್ನೊಂದನೆಯದು ಅರ್ಧ, ತಣಿದ ಮೇಲೆ.' ಪುಟ ತಿರುವಿದೆ. ಎಲ್ಲವೂ ಹಾಗೆಯೇ.

"ನಾಲ್ಕನೆಯದು ಅಂದರೆ ಏನು, ರಮಾನಾಥಣ್ಣ?"

"ನಾಲ್ಕನೇ ಡಬ್ಬಿ."

"ಡಬ್ಬಿಯಲ್ಲಿ ಏನು?"

ಆ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಲ್ಲವೆಂದು ಮುಖದಿಂದಲೇ ತಿಳಿಯಿತು. "ಡಬ್ಬಿಗಳು ನಂಬರು ಹಾಕಿಯೇ ಬರುತ್ತಿದ್ದವು. ಅವನ್ನು ತುಂಬುವ ಒಳಗಿನ ಕೋಣೆಗೆ ಬೀಗ. ನಾನು ಒಂದು ದಿನವೂ ಅಳತೆ ತಪ್ಪಲಿಲ್ಲ, ಮುನಿರಾಜರೇ."

ಮೋಸಗಾರನಾಗಿದ್ದರೆ ಬೈದು ಹಗುರಾಗಬಹುದಿತ್ತು. ವಾಸನೆಯಾದರೂ ನೆನಪಿದೆಯೇ ಎಂದು ಕೇಳಿದೆ. ನಾಲ್ಕನೆಯದಕ್ಕೆ ವಾಸನೆಯೇ ಇರಲಿಲ್ಲವಂತೆ. ಹನ್ನೊಂದನೆಯದು ಹೊಸ ಪಠ್ಯಪುಸ್ತಕದ ಹಾಗೆ ಇತ್ತಂತೆ.

ಕರಾರಿನ ಪ್ರಕಾರ ಮುಂದಿನ ವಾರ ಟ್ರಂಕಿನೊಂದಿಗೆ ಬಂದರು. ಹನ್ನೊಂದು ಸೀಮೆಎಣ್ಣೆ ಡಬ್ಬಿಗಳನ್ನು ಬೂದಿ ಹಾಕಿ ತಿಕ್ಕಿ, ಕೆಂಪು ಬಣ್ಣದಲ್ಲಿ ನಂಬರು ಬರೆದು ಜಗಲಿಯ ಮೇಲೆ ಸಾಲಾಗಿ ಇಟ್ಟರು. ಅಳತೆ ದೊಡ್ಡದೆಂದು ಅಮ್ಮನ ಎಣ್ಣೆ ನಾಲ್ಕನೆಯದಕ್ಕೆ ಹೋಯಿತು. ಉಳಿದ ಹತ್ತು ಖಾಲಿ. ಮಂಗಳೂರಿನ ಎರಡು ಔಷಧದಂಗಡಿಗಳಲ್ಲಿ ಎಣ್ಣೆ ಗಟ್ಟಿಯಾಗದಂತೆ ಹಾಕುವ ವಸ್ತುವಿಗಾಗಿ ನಾನು ವಿಚಾರಿಸಿದೆ. ಹೆಸರು ಹೇಳಿ ಎಂದರು.

"ಹನ್ನೊಂದರಲ್ಲಿ ಏನು ಹಾಕುವುದು?" ಎಂದು ಅಮ್ಮ ಒಮ್ಮೆ ಕೇಳಿದಳು.

"ಅದು ಬರಬೇಕು, ಅಮ್ಮ," ಎಂದರು ರಮಾನಾಥಣ್ಣ.

ಜನವರಿ ಮುಗಿಯಿತು. ಫೆಬ್ರವರಿ ಒಂದರಂದು ಪಾಣೆಮಂಗಳೂರಿಗೆ ಹೋಗಲು ಮೊದಲ ಬಸ್ಸಿಗೆ ಹೊರಟೆ. ನಮ್ಮೂರಿನಲ್ಲೂ ಆ ಬೆಳಿಗ್ಗೆ ಚಳಿಯಿತ್ತು. ರಮಾನಾಥಣ್ಣ ಆಗಲೇ ಎದ್ದು ನಾಲ್ಕನೇ ಡಬ್ಬಿಯ ಮುಂದೆ ಕುಳಿತಿದ್ದರು. ಗಟ್ಟಿಯಾದ ಎಣ್ಣೆಯನ್ನು ಚಮಚದಿಂದ ಕೆರೆದು ಅಳತೆಯ ಲೋಟಕ್ಕೆ ತುಂಬಿ, ಮೇಲೆ ಬೆರಳಿನಿಂದ ಸಮ ಮಾಡಿ, ಪಾತ್ರೆಗೆ ಬಡಿದು ಹಾಕುತ್ತಿದ್ದರು. ನಾನು ಚಪ್ಪಲಿ ಮೆಟ್ಟುವುದನ್ನು ಅವರು ನೋಡಲಿಲ್ಲ.

"ಏಳು," ಎಂದರು. ಲೋಟ ಕೆಳಗಿಟ್ಟು ಒಂಬತ್ತನೇ ಡಬ್ಬಿಯ ಮುಚ್ಚಳ ತೆಗೆದರು.