ಕಡ ತಂದ ದನಿ

ಹಗ್ಗ ಹಿಡಿದವರು ಇಪ್ಪತ್ತು ಮಂದಿ, ಎಳೆಯುತ್ತಿದ್ದವರು ಯಾರೂ ಇಲ್ಲ. ಮರವಂತೆಯ ಕಡಲಲ್ಲಿ ಅರ್ಧಚಂದ್ರದಂತೆ ಬಿಟ್ಟಿದ್ದ ಕೈರಂಪಣಿ ಬಲೆಯ ಎರಡೂ ಹಗ್ಗ ದಡದಲ್ಲಿದ್ದವು. ಎರಡು ಕಡೆಯವರೂ ಒಂದೇ ಉಸಿರಿಗೆ ಎಳೆಯದಿದ್ದರೆ ಮೀನು ಬದಿಯಿಂದ ಜಾರಿಹೋಗುತ್ತದೆ. ನಡುವೆ ನಿಂತು ಕೂಗು ಹಾಕಬೇಕಾದವನು ಬಲೆಯ ತಂಡದ ಮುಂದಾಳು, ಹೊಸ ತಾಂಡೇಲ ಕಿಟ್ಟ.

"ನಾವೆಲ್ಲ ಒಟ್ಟಿಗೆ ಎಳ್ದ್ರೆ ಹ್ಯಾಂಗೆ?" ಎಂದ.

"ಹ್ಯಾಂಗೆ ಅಂದ್ರೆ ಎಂತ ಹೇಳುದ್? ಎಳೀಕಾ ಬ್ಯಾಡ್ದಾ, ಅದ್ ಹೇಳ್ ಮಾರಾಯ," ಎಂದ ಸುಧಾಕರ, ಹಗ್ಗ ಬಿಟ್ಟು ಸೊಂಟ ಒತ್ತಿಕೊಳ್ಳುತ್ತ.

ಕಿಟ್ಟನ ತಪ್ಪೇನಿಲ್ಲ. ಮೀನುಗಾರರ ಸೊಸೈಟಿಯವರು ಅವನನ್ನು ಕುಂದಾಪುರದ ತರಬೇತಿಗೆ ಕಳಿಸಿದ್ದರು. ಎರಡು ದಿನದಲ್ಲಿ ಆರು ಬಗೆಯ ನಾಯಕತ್ವ, ಒಂದೇ ಬಗೆಯ ಉಪ್ಪಿಟ್ಟು. ಆಜ್ಞೆ ಮಾಡಬೇಡಿ, ಆಹ್ವಾನಿಸಿ ಎಂದು ಟೈ ಕಟ್ಟಿದವರು ಹೇಳಿಕೊಟ್ಟಿದ್ದರು. ಆಹ್ವಾನಿಸಿ ಆಹ್ವಾನಿಸಿ ಈ ವಾರ ಮೂರು ಸಲ ಬಲೆ ಖಾಲಿ ಬಂದಿತ್ತು. ನಾಲ್ವರು ಆಗಲೇ ಗಂಗೊಳ್ಳಿಯ ದೊಡ್ಡ ಬೋಟುಗಳಿಗೆ ಹೋಗಿದ್ದರು. ಇವತ್ತೂ ಹೀಗೇ ಆದರೆ ಉಳಿದವರೂ ಹೋಗುವುದು ಖಂಡಿತ ಎಂದು ಸುಧಾಕರ ಬೆಳಿಗ್ಗೆಯೇ ತಿಳಿಸಿದ್ದ. ಆಮೇಲೆ ಬಲೆ ಇರುತ್ತದೆ, ತಾಂಡೇಲ ಇರುತ್ತಾನೆ, ಎಳೆಯುವವರಿಲ್ಲ.

ಹಳೆಯ ತಾಂಡೇಲ ಗೋಪಿ ಆಚೆ ಮಗುಚಿದ ದೋಣಿಯ ಮೇಲೆ ಕೂತಿದ್ದ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು. ಇಪ್ಪತ್ತೆರಡು ವರ್ಷ ಅವನ ನಾಯಕತ್ವ ಒಂದೇ ಬಗೆಯದು, ಬೈಗುಳ. ಚೈತ್ರದಲ್ಲಿ ಗಂಟಲಿನ ಆಪರೇಷನ್ ಆಗಿ ದನಿಯೇ ಹೋದ ಮೇಲೆ ಅದೂ ಇಲ್ಲ.

ಬಸ್ಸಿನ ಕಂಡಕ್ಟರನಿಂದ ಪಂಚಾಯ್ತಿ ಅಧ್ಯಕ್ಷರವರೆಗೆ ಯಾರ ದನಿಯನ್ನಾದರೂ ಅಣಕಿಸಿ ಥೇಟ್ ಹಾಗೇ ತೆಗೆಯಬಲ್ಲ ಕಿಟ್ಟ, ಗೋಪಿಯದನ್ನು ಮಾತ್ರ ಅವನ ಬೆನ್ನ ಹಿಂದಷ್ಟೇ ತೆಗೆಯುತ್ತಿದ್ದ. ಬಲೆಯ ಬಾಯಿ ವಾಲತೊಡಗಿದಾಗ ಅದೇ ದನಿ ತಾನಾಗಿ ಹೊರಬಿತ್ತು.

"ಹ್ವಾಯ್, ಉಂಡದ್ದ್ ಎಲ್ಲಿಗ್ ಹೋಯ್ತ್ ನಿಮ್ಗೆಲ್ಲ? ಎಳಿನಿ ಕಾಂಬ."

ಇಪ್ಪತ್ತು ಬೆನ್ನುಗಳು ಒಟ್ಟಿಗೆ ಬಾಗಿದವು. ಬುಟ್ಟಿ ಹಿಡಿದು ಕಾಯುತ್ತಿದ್ದ ಜಲಜ ತಟ್ಟನೆ ಗಂಡನ ಕಡೆ ತಿರುಗಿದಳು. ಗೋಪಿಯ ಬಾಯಿ ಮುಚ್ಚಿಯೇ ಇತ್ತು.

ಬಲೆ ತುಂಬ ಬಂಗುಡೆ ಬಂತು. ಯಾರೂ ಕುಣಿಯಲಿಲ್ಲ, ಎಲ್ಲರಿಗೂ ಸುಸ್ತು. ಸುಧಾಕರ ಮುಖ ಒರೆಸಿಕೊಂಡು ಕಿಟ್ಟನ ಹತ್ತಿರ ಬಂದ. "ನಾಳೆಯೂ ಹೀಂಗೇ ಕೂಗ್ರೆ ಬತ್ತೆ. ಆ ನಿನ್ ಹ್ಯಾಂಗೆ ಗೀಂಗೆ ಬ್ಯಾಡ." ಹಿಂದಿದ್ದವರೂ ತಲೆಯಾಡಿಸಿದರು.

ಕಿಟ್ಟ ಕ್ಷಮೆ ಕೇಳಲು ಗೋಪಿಯ ಕಡೆ ನಡೆದ. ಆಡಲು ಮಾತು ಹೊಂದಿಸುವಷ್ಟರಲ್ಲಿ ಜಲಜ ಬುಟ್ಟಿ ಕೆಳಗಿಟ್ಟಳು.

"ಇನ್ನೊಂದ್ ಸಲ ಕೂಗ್ ಕಿಟ್ಟ," ಎಂದಳು. "ನನ್ ಹೆಸ್ರ್ ಹಿಡ್ದ್ ಕೂಗ್. ಇವ್ರ್ ಕೂಗ್ತಿದ್ದಂಗೇ."

ಗೋಪಿ ಕಡಲನ್ನೇ ನೋಡುತ್ತಿದ್ದ. ಕಿಟ್ಟನ ಬಾಯಿ ತೆರೆಯಿತು, ಮತ್ತೆ ಮುಚ್ಚಿತು.

"ಸ್ವರ ಬಿದ್ದೋಯ್ತ್ ಜಲಜಕ್ಕ," ಎಂದ, ತನ್ನದೇ ತೆಳ್ಳನೆಯ ದನಿಯಲ್ಲಿ.

ಗೋಪಿ ದೋಣಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ಕಿಟ್ಟ ಕೂತ. ಎದುರಿಗೆ ಹರವಿದ ಒದ್ದೆ ಬಲೆಯಲ್ಲಿ ಸಿಕ್ಕಿಕೊಂಡಿದ್ದ ಸಣ್ಣ ಮೀನೊಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು.